ಮೀಟರ್ ಮೇಲೆ ಎಷ್ಟು? ಗೆರೆಗೆ ಸಿಗದೆ ಉಳಿಯೋ ಲೆಕ್ಕದ ಕಥೆ

(ಪಾಡ್‌ಕಾಸ್ಟ್‌ನ ಅಕ್ಷರ ರೂಪ)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿರೋರಿಗೂ, ಕೇಳೋಕೆ ಟೈಮ್ ಸಿಗದೆ ಇಲ್ಲಿ ಓದ್ತಾ ಇರೋರಿಗೂ ಸ್ವಾಗತ. ಇವತ್ತಿನ ವಿಷಯ ಲೀನಿಯರ್ ರಿಗ್ರೆಶನ್. ಹೆಸರು ಕೇಳಿದ ತಕ್ಷಣ ಸ್ಕಿಪ್ ಮಾಡ್ಬೇಡಿ. ಕೂಡೋದು, ಕಳೆಯೋದು, ಗುಣಿಸೋದು, ಭಾಗಿಸೋದು ಬಂದ್ರೆ ಸಾಕು, ಇವತ್ತಿನ ಎಪಿಸೋಡ್ ಪೂರ್ತಿ ಅರ್ಥ ಆಗುತ್ತೆ.

ಪ್ರಥಮ ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ತಗೊಂಡಿದ್ದೋರಿಗೆ ಇದು ಹಳೇ ಪರಿಚಯ. ನನ್ನದೂ ಕಾಮರ್ಸ್, ಸ್ಟ್ಯಾಟಿಸ್ಟಿಕ್ಸ್ ಇದ್ದ ಕಾಂಬಿನೇಶನ್. ಕೋರಿಲೇಶನ್ ಪಾಠ ಮುಗೀತಿದ್ದ ಹಾಗೇ ರಿಗ್ರೆಶನ್. ಉದ್ದಕ್ಕೆ ಟೇಬಲ್ ಹಾಕೋದು, ಒಂದೊಂದು ಕಾಲಂ ಕೂಡೋದು, ಸೂತ್ರಕ್ಕೆ ತುಂಬೋದು, ಕೊನೆಗೆ ಸಮೀಕರಣ ಬರೆದು ಕೆಳಗೆ ಎರಡು ಗೆರೆ ಎಳೆಯೋದು. ಅಲ್ಲಿಗೆ ಮಾರ್ಕ್ಸ್ ಬಂತು, ಪಾಠ ಮುಗೀತು. ಆ ಸಮೀಕರಣ ಎಷ್ಟು ತಪ್ಪುತ್ತೆ, ಎಲ್ಲಿ ತಪ್ಪುತ್ತೆ, ಯಾಕೆ ತಪ್ಪುತ್ತೆ ಅಂತ ನಮ್ಮ ಕ್ಲಾಸಲ್ಲಿ ಯಾರೂ ಕೇಳ್ತಿರಲಿಲ್ಲ.

ಆ ತಪ್ಪಿಗೆ ಒಂದು ಹೆಸರಿದೆ, ರೆಸಿಡ್ಯುಯಲ್. ಕನ್ನಡದಲ್ಲಿ ಶೇಷ ಅನ್ನಬಹುದು. ನಾನು ಇವತ್ತು ಉಳಿಕೆ ಅಂತ ಕರೀತೀನಿ, ಯಾಕಂದ್ರೆ ಅದು ಅಕ್ಷರಶಃ ಅದೇ: ಗೆರೆ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಉಳಿದದ್ದು. ಇವತ್ತು ನಾನು ಹೇಳೋಕೆ ಹೊರಟಿರೋದು ಇಷ್ಟೇ: ಯಾರಾದ್ರೂ ನಿಮ್ಮ ಮುಂದೆ ಒಂದು ಗೆರೆ ಎಳೆದು ತೋರಿಸಿದ್ರೆ, ನಂಬೋಕೆ ಮುಂಚೆ ಉಳಿಕೆ ಎಲ್ಲಿ ಅಂತ ಕೇಳಿ.

ಮೀಟರ್ ಅನ್ನೋ ಗೆರೆ

ಬೆಂಗಳೂರಿನ ಆಟೋದಿಂದ ಶುರು ಮಾಡೋಣ. 2025ರ ಆಗಸ್ಟ್ 1ರಿಂದ ಇಲ್ಲಿ ಮೀಟರ್ ದರ ಹೀಗಿದೆ: ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18 ರೂಪಾಯಿ. 4 ಕಿಲೋಮೀಟರ್‌ಗೆ 72, 6ಕ್ಕೆ 108, 8ಕ್ಕೆ 144, 10ಕ್ಕೆ 180. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಕಿಲೋಮೀಟರ್, ಉದ್ದಕ್ಕೆ ರೂಪಾಯಿ ಇಟ್ಟು ಈ ಚುಕ್ಕೆಗಳನ್ನ ಹಾಕಿದ್ರೆ ಸ್ಕೇಲ್ ಇಟ್ಟ ಹಾಗೆ ನೇರವಾಗಿ ಬರುತ್ತೆ. ಕಿಲೋಮೀಟರ್ ಒಂದು ಜಾಸ್ತಿ ಆದ್ರೆ ದುಡ್ಡು ಎಷ್ಟು ಜಾಸ್ತಿ ಆಗುತ್ತೆ ಅನ್ನೋದಕ್ಕೆ ಸ್ಲೋಪ್ ಅಂತಾರೆ, ಅಂದ್ರೆ ಇಳಿಜಾರು. ಇಲ್ಲಿ ಅದು 18.

ಈಗ ನಿಜ ಜೀವನಕ್ಕೆ ಬನ್ನಿ. ಆಟೋ ನಿಲ್ಲಿಸ್ತೀರಿ, ಹೋಗೋ ಜಾಗ ಹೇಳ್ತೀರಿ, ಆ ಕಡೆಯಿಂದ ಒಂದು ಮಾತು ಬರುತ್ತೆ: "ಮೀಟರ್ ಮೇಲೆ ಇಪ್ಪತ್ತು ಕೊಡಿ ಸಾರ್." ಆ ಇಪ್ಪತ್ತೇ ಉಳಿಕೆ! ಮೀಟರ್ ಹೇಳಿದ್ದು 108, ನೀವು ಕೊಟ್ಟಿದ್ದು 128. ಕೊಟ್ಟದ್ದರಿಂದ ಮೀಟರ್ ಹೇಳಿದ್ದನ್ನ ಕಳೆದ್ರೆ +20. ಇನ್ನೊಂದು ದಿನ ಮೀಟರ್ 144 ತೋರಿಸುತ್ತೆ, ಚಿಲ್ಲರೆ ಇಲ್ಲ ಅಂತ ಆಟೋ ಅಣ್ಣ 140 ತಗೊಂಡು ಬಿಟ್ಟುಬಿಡ್ತಾರೆ. ಆವತ್ತಿನ ಉಳಿಕೆ −4. ಯಾವಾಗಲೂ ನಿಜವಾಗಿ ಆಗಿದ್ದನ್ನ ಮೊದಲು ಬರ್ಕೊಂಡು, ಅದರಿಂದ ಗೆರೆ ಹೇಳಿದ್ದನ್ನ ಕಳೀಬೇಕು. ಉತ್ತರ ಪ್ಲಸ್ ಬಂದ್ರೆ ಚುಕ್ಕೆ ಗೆರೆಯ ಮೇಲಿದೆ, ಮೈನಸ್ ಬಂದ್ರೆ ಕೆಳಗಿದೆ. ಎಕ್ಸಾಂನಲ್ಲಿ ಕೇಳಿದ್ರೂ ಇದೇ ಕ್ರಮ, ತಿರುಗಿಸಿ ಕಳೆದ್ರೆ ಚಿಹ್ನೆ ಉಲ್ಟಾ ಆಗುತ್ತೆ.

ಐದು ಸವಾರಿ, ಒಂದು ಗೆರೆ

ಮೀಟರ್ ಗೆರೆಯನ್ನ ಸರ್ಕಾರ ಎಳೆದಿದೆ, ನಮಗೆ ಮೊದಲೇ ಗೊತ್ತು. ಆದ್ರೆ ಬದುಕಿನ ಎಷ್ಟೋ ವಿಷಯಗಳಿಗೆ ದರಪಟ್ಟಿ ಇಲ್ಲ. ಸೈಟಿನ ಅಳತೆ ನೋಡಿ ಬೆಲೆ ಹೇಳೋಕೆ, ಮಳೆ ನೋಡಿ ಇಳುವರಿ ಹೇಳೋಕೆ ಸರ್ಕಾರದ ಬೋರ್ಡ್ ಎಲ್ಲೂ ಇಲ್ಲ. ಅಲ್ಲಿ ಚುಕ್ಕೆಗಳು ಮಾತ್ರ ಸಿಗ್ತವೆ, ಗೆರೆಯನ್ನ ನಾವೇ ಹುಡುಕ್ಕೋಬೇಕು. ಆ ಹುಡುಕಾಟದ ಹೆಸರೇ ಲೀನಿಯರ್ ರಿಗ್ರೆಶನ್.

ಹೇಗೆ ಅಂತ ನೋಡೋಕೆ, ಮೀಟರ್ ದರ ಗೊತ್ತೇ ಇಲ್ಲದ ಒಬ್ಬರು ಊರಿಂದ ಬಂದಿದ್ದಾರೆ ಅಂದ್ಕೊಳ್ಳಿ. ಅವರು ಐದು ಸಲ ಆಟೋ ಹತ್ತಿ, ಕೊಟ್ಟ ದುಡ್ಡನ್ನ ಫೋನಲ್ಲಿ ನೋಟ್ ಮಾಡ್ಕೊಂಡಿದ್ದಾರೆ. ಲೆಕ್ಕಕ್ಕೆ ಸುಲಭ ಆಗ್ಲಿ ಅಂತ ಈ ಅಂಕಿಗಳನ್ನ ನಾನೇ ಇಟ್ಕೊಂಡಿದ್ದೀನಿ:

2 ಕಿಲೋಮೀಟರ್‌ಗೆ 60 ರೂಪಾಯಿ
4 ಕಿಲೋಮೀಟರ್‌ಗೆ 80 ರೂಪಾಯಿ
6 ಕಿಲೋಮೀಟರ್‌ಗೆ 130 ರೂಪಾಯಿ
8 ಕಿಲೋಮೀಟರ್‌ಗೆ 140 ರೂಪಾಯಿ
10 ಕಿಲೋಮೀಟರ್‌ಗೆ 190 ರೂಪಾಯಿ

ಮೊದಲ ಹೆಜ್ಜೆ ಸರಾಸರಿ. ದೂರದ ಸರಾಸರಿ 6, ದುಡ್ಡಿನ ಸರಾಸರಿ 120. ಎರಡನೇ ಹೆಜ್ಜೆ, ಪ್ರತಿ ಸವಾರಿ ಈ ಸರಾಸರಿಯಿಂದ ಎಷ್ಟು ದೂರ ಇದೆ ಅಂತ ನೋಡೋದು. ದೂರದಲ್ಲಿ −4, −2, 0, 2, 4. ದುಡ್ಡಲ್ಲಿ −60, −40, 10, 20, 70. ಮೂರನೇ ಹೆಜ್ಜೆ, ಎದುರು ಬದುರು ಇರೋದನ್ನ ಗುಣಿಸಿ ಕೂಡೋದು: 240 + 80 + 0 + 40 + 280, ಒಟ್ಟು 640. ನಾಲ್ಕನೇ ಹೆಜ್ಜೆ, ದೂರದ ವ್ಯತ್ಯಾಸಗಳ ವರ್ಗ ಕೂಡೋದು: 16 + 4 + 0 + 4 + 16, ಒಟ್ಟು 40. ಈಗ 640 ಅನ್ನ 40ರಿಂದ ಭಾಗಿಸಿ. ಬಂದದ್ದು 16. ಅದೇ ಸ್ಲೋಪ್, ಕಿಲೋಮೀಟರ್‌ಗೆ 16 ರೂಪಾಯಿ.

ಗೆರೆ ಯಾವಾಗಲೂ ಎರಡೂ ಸರಾಸರಿ ಸೇರೋ ಜಾಗದ ಮೇಲೇ ಹಾದು ಹೋಗುತ್ತೆ. ಅಂದ್ರೆ 6 ಕಿಲೋಮೀಟರ್‌ಗೆ 120 ಬರಲೇಬೇಕು. 6 × 16 = 96, ಇನ್ನೂ 24 ಬೇಕು. ಆ 24ಕ್ಕೆ ಇಂಟರ್‌ಸೆಪ್ಟ್ ಅಂತಾರೆ. ಅಲ್ಲಿಗೆ ಗೆರೆ ಸಿಕ್ಕಿತು: 24ಕ್ಕೆ, ಕಿಲೋಮೀಟರ್ ಒಂದಕ್ಕೆ 16ರಂತೆ ಸೇರಿಸ್ತಾ ಹೋಗಿ.

ಪಿಯುಸಿ ಉತ್ತರ ಪತ್ರಿಕೆ ಇಲ್ಲಿಗೆ ಮುಗಿಯುತ್ತೆ. ನಾವು ಇನ್ನೊಂದು ಹೆಜ್ಜೆ ಹೋಗೋಣ. ಈ ಗೆರೆ ಆ ಐದು ಸವಾರಿಗೆ ಏನು ಹೇಳುತ್ತೆ? 56, 88, 120, 152, 184. ಕೊಟ್ಟಿದ್ದು 60, 80, 130, 140, 190. ಉಳಿಕೆ: +4, −8, +10, −12, +6. ಕೂಡಿ ನೋಡಿ, ಸರಿಯಾಗಿ ಸೊನ್ನೆ. ಇದು ಕಾಕತಾಳೀಯ ಅಲ್ಲ. ಈ ವಿಧಾನದಲ್ಲಿ ಎಳೆದ ಗೆರೆಗೆ ಉಳಿಕೆಗಳ ಮೊತ್ತ ಯಾವಾಗಲೂ ಸೊನ್ನೆಯೇ. ದಶಾಂಶದ ಹೊಂದಾಣಿಕೆ ಬಿಟ್ಟು ಬೇರೇನಾದ್ರೂ ಬಂದ್ರೆ ಎಲ್ಲೋ ಕೂಡೋದು ಕಳೆಯೋದು ತಪ್ಪಿದೆ ಅಂತ. ಪರೀಕ್ಷೆಗೆ ಓದ್ತಾ ಇರೋರೇ, ನಿಮ್ಮ ಉತ್ತರವನ್ನ ನೀವೇ ಚೆಕ್ ಮಾಡ್ಕೊಳ್ಳೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ.

ವರ್ಗ ಯಾಕೆ ಮಾಡ್ತಾರೆ?

ಒಂದು ನಿಮಿಷ, ಮೊತ್ತ ಸೊನ್ನೆ ಬಂದ್ರೆ ಗೆರೆ ಚೆನ್ನಾಗಿದೆ ಅಂತಾನಾ? ಅಲ್ಲ. ದೂರದ ಗೊಡವೆಯೇ ಬೇಡ, ಎಲ್ಲಿಗೆ ಹೋದ್ರೂ 120 ರೂಪಾಯಿ ಅಂತ ಮಲಗಿಸಿದ ಗೆರೆ ಎಳೆದ್ರೂ ಉಳಿಕೆ −60, −40, +10, +20, +70 ಬರುತ್ತೆ. ಅದರ ಮೊತ್ತವೂ ಸೊನ್ನೆ! ಪ್ಲಸ್ಸು ಮೈನಸ್ಸು ಒಂದನ್ನೊಂದು ತಿಂದುಹಾಕಿವೆ.

ಅದಕ್ಕೇ ಉಳಿಕೆಗಳನ್ನ ವರ್ಗ ಮಾಡಿ ಕೂಡ್ತಾರೆ. ವರ್ಗ ಮಾಡಿದ್ರೆ ಮೈನಸ್ ಇರಲ್ಲ, ಯಾರೂ ಯಾರನ್ನೂ ತಿನ್ನಲ್ಲ. ಮಲಗಿದ ಗೆರೆಯ ಮೊತ್ತ 3600 + 1600 + 100 + 400 + 4900, ಅಂದ್ರೆ 10,600. ನಮ್ಮ ಗೆರೆಯದು 16 + 64 + 100 + 144 + 36, ಅಂದ್ರೆ ಬರೀ 360. ಈ ಐದು ಚುಕ್ಕೆಗಳಿಗೆ ಬೇರೆ ಯಾವ ನೇರ ಗೆರೆ ಎಳೆದ್ರೂ 360ಕ್ಕಿಂತ ಕಮ್ಮಿ ಮಾಡೋಕೆ ಆಗಲ್ಲ. 10,600ರಲ್ಲಿ 360 ಮಾತ್ರ ಉಳಿದಿದೆ, ಅಂದ್ರೆ ಸುಮಾರು 97 ಪರ್ಸೆಂಟ್ ಏರಿಳಿತವನ್ನ ದೂರ ಒಂದೇ ವಿವರಿಸಿಬಿಡ್ತು. ಆರ್ ಸ್ಕ್ವೇರ್ ಅಂತ ರಿಪೋರ್ಟುಗಳಲ್ಲಿ ನೋಡ್ತೀರಲ್ಲ, ಅದು ಇದೇ.

ಈ ವಿಧಾನವನ್ನ ಮೊದಲು ಅಚ್ಚಲ್ಲಿ ತಂದವರು ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್, 1805ರಲ್ಲಿ, ಧೂಮಕೇತುಗಳ ದಾರಿ ಲೆಕ್ಕ ಹಾಕೋ ಪುಸ್ತಕದ ಅನುಬಂಧದಲ್ಲಿ. 1809ರಲ್ಲಿ ಜರ್ಮನಿಯ ಗೌಸ್ ಪುಸ್ತಕ ಬಂತು. ಇದನ್ನ ನಾನು 1795ರಿಂದಲೇ ಬಳಸ್ತಾ ಇದ್ದೀನಿ ಅಂತ ಅವರು ಅದರಲ್ಲಿ ಹೇಳಿಕೊಂಡ್ರು. ದೊಡ್ಡ ಜಗಳವೇ ಆಯ್ತು.

ವರ್ಗಕ್ಕೆ ಒಂದು ಬೆಲೆ ಇದೆ, ಅದು ನೆನಪಿರಲಿ. 10ರ ವರ್ಗ 100, 20ರದ್ದು 400. ತಪ್ಪು ಎರಡು ಪಟ್ಟಾದ್ರೆ ದಂಡ ನಾಲ್ಕು ಪಟ್ಟು. ಹಾಗಾಗಿ ಗೆರೆ ದೂರದ ಚುಕ್ಕೆಗಳಿಗೆ ಹೆದರುತ್ತೆ. ಒಂದೇ ಒಂದು ಚುಕ್ಕೆ ಎಲ್ಲೋ ಆಚೆ ನಿಂತಿದ್ರೂ ಇಡೀ ಗೆರೆ ಆ ಕಡೆ ವಾಲಬಹುದು.

ಸೊನ್ನೆ ಮುಚ್ಚಿಡೋ ವಿಷಯ

ಈಗ ಸ್ವಲ್ಪ ಗಮನ ಕೊಟ್ಟು ಕೇಳಿ, ಇಡೀ ಎಪಿಸೋಡಲ್ಲಿ ನನಗೆ ತುಂಬಾ ಮುಖ್ಯ ಅನ್ಸೋದು ಇದು. ಅದೇ ಐದು ಸವಾರಿಯನ್ನ ಈ ಸಲ ಸರ್ಕಾರದ ಮೀಟರ್ ಗೆರೆ ಜೊತೆ ಹೋಲಿಸಿ. ಮೀಟರ್ ಪ್ರಕಾರ 36, 72, 108, 144, 180. ಕೊಟ್ಟಿದ್ದು 60, 80, 130, 140, 190. ವ್ಯತ್ಯಾಸ +24, +8, +22, −4, +10. ಒಟ್ಟು 60 ರೂಪಾಯಿ, ಸವಾರಿಗೆ ಸರಾಸರಿ 12 ರೂಪಾಯಿ ಮೇಲೆ ಹೋಗಿದೆ.

ಅದೇ ನಾವು ಎಳೆದ ರಿಗ್ರೆಶನ್ ಗೆರೆಯಲ್ಲಿ? ಮೊತ್ತ ಸೊನ್ನೆ. ಹೆಚ್ಚಾಗಿ ಕೊಟ್ಟ ಆ 60 ರೂಪಾಯಿ ಎಲ್ಲಿ ಹೋಯ್ತು? ಗೆರೆಯ ಹೊಟ್ಟೆಯೊಳಗೆ ಹೋಯ್ತು. ಎಲ್ಲರೂ ಸ್ವಲ್ಪ ಸ್ವಲ್ಪ ಜಾಸ್ತಿ ಕೊಡ್ತಾ ಹೋದ್ರೆ ಗೆರೆಯೇ ಮೇಲೆ ಏರುತ್ತೆ, ಆಮೇಲೆ ಯಾರೂ ಜಾಸ್ತಿ ಕೊಟ್ಟ ಹಾಗೆ ಕಾಣಲ್ಲ.

ರಿಗ್ರೆಶನ್ ಗೆರೆ ಏನು ನಡೀತಿದೆ ಅಂತ ಹೇಳುತ್ತೆ, ಏನು ನಡೀಬೇಕು ಅಂತ ಹೇಳಲ್ಲ. "ಈ ಏರಿಯಾದಲ್ಲಿ ಮಾರ್ಕೆಟ್ ರೇಟೇ ಇಷ್ಟು" ಅಂತ ಮನೆ ಬಾಡಿಗೆ ಹೇಳಿದಾಗಲೂ, "ನಿಮ್ಮ ಎಕ್ಸ್‌ಪೀರಿಯೆನ್ಸ್‌ಗೆ ಸ್ಟ್ಯಾಂಡರ್ಡ್ ಪ್ಯಾಕೇಜ್ ಇದೇ" ಅಂತ ಎಚ್‌ಆರ್ ಹೇಳಿದಾಗಲೂ, ಅವರು ಹೇಳ್ತಿರೋದು ಇಂಥದ್ದೇ ಒಂದು ಗೆರೆಯನ್ನ. ಎಲ್ಲರಿಗೂ ಕಮ್ಮಿ ಕೊಟ್ಟಿದ್ರೆ ನಿಮ್ಮ ಉಳಿಕೆ ಸೊನ್ನೆ. ಆದ್ರೆ ನಿಮಗೆ ಸಿಕ್ಕಿದ್ದು ನ್ಯಾಯವಾದ ಸಂಬಳ ಅಂತ ಅದರ ಅರ್ಥ ಅಲ್ಲ. ಯಾವ ಗೆರೆಯಿಂದ ಅಳೀತಿದ್ದೀವಿ ಅನ್ನೋದನ್ನ ಮೊದಲು ಕೇಳ್ಬೇಕು.

ಉಳಿಕೆಗಳನ್ನ ನೋಡೋದು ಹೇಗೆ?

ಗೆರೆ ಎಳೆದಾದ ಮೇಲೆ ಹೊಸದೊಂದು ಗ್ರಾಫ್ ಹಾಕಿ. ಅಡ್ಡಕ್ಕೆ ಅದೇ ಕಿಲೋಮೀಟರ್, ಉದ್ದಕ್ಕೆ ಈ ಸಲ ದುಡ್ಡಲ್ಲ, ಉಳಿಕೆ. ಮಧ್ಯದಲ್ಲಿ ಸೊನ್ನೆಯ ಗೆರೆ. ಇದಕ್ಕೆ ರೆಸಿಡ್ಯುಯಲ್ ಪ್ಲಾಟ್ ಅಂತಾರೆ. ಅಮೆರಿಕದ ಹೈಸ್ಕೂಲ್ ಮಕ್ಕಳು ಎಪಿ ಸ್ಟ್ಯಾಟಿಸ್ಟಿಕ್ಸ್ ಅನ್ನೋ ಕೋರ್ಸಲ್ಲಿ ಇದನ್ನ ಬಿಡಿಸಿ, ನೋಡಿ, ಏನು ಕಾಣ್ತು ಅಂತ ವಾಕ್ಯದಲ್ಲಿ ಬರೀಬೇಕು.

ಚುಕ್ಕೆಗಳು ಮೇಲೆ ಕೆಳಗೆ ಯಾವ ಕ್ರಮವೂ ಇಲ್ಲದೆ ಚೆಲ್ಲಿದ ಸಾಸಿವೆ ಥರ ಇದ್ರೆ ಒಳ್ಳೇದು. ನೇರ ಗೆರೆಯಿಂದ ಹೇಳಬಹುದಾದ್ದನ್ನ ಹೇಳಿ ಆಗಿದೆ. ಚುಕ್ಕೆಗಳು ಬಿಲ್ಲಿನ ಥರ ಬಾಗಿದ್ರೆ, ನಿಜವಾದ ಸಂಬಂಧವೇ ನೇರವಾಗಿಲ್ಲ, ನೀವು ಬಗ್ಗಿದ ರಸ್ತೆಗೆ ನೇರ ಕೋಲು ಇಟ್ಟಿದ್ದೀರಿ. ಎಡಗಡೆ ಕಿರಿದಾಗಿದ್ದು ಬಲಕ್ಕೆ ಹೋಗ್ತಾ ಲಾಳಿಕೆ ಥರ ಅಗಲ ಆದ್ರೆ, ಸಣ್ಣ ಅಂಕಿಗಳಿಗೆ ಗೆರೆ ನಂಬಬಹುದು, ದೊಡ್ಡವಕ್ಕೆ ಹುಷಾರು. ಒಂದೇ ಚುಕ್ಕೆ ದೂರ ನಿಂತಿದ್ರೆ, ಅದನ್ನ ಅಳಿಸೋಕೆ ಮುಂಚೆ ಅದರ ಕಥೆ ಕೇಳಿ.

ಕಥೆ ಕೇಳೋದು ಅಂದ್ರೆ ಹೇಗೆ? ನಮ್ಮ ಊರಿಂದ ಬಂದವರು ಆರನೇ ಸವಾರಿ ಮಾಡಿದ್ರು ಅಂದ್ಕೊಳ್ಳಿ. 6 ಕಿಲೋಮೀಟರ್‌ಗೆ 170 ರೂಪಾಯಿ. ಗೆರೆ ಹೇಳೋದು 120, ಉಳಿಕೆ +50. ಮೋಸ ಅಂತ ಕೂಗೋಕೆ ಮುಂಚೆ ಟೈಮ್ ನೋಡಿ, ರಾತ್ರಿ 11 ಗಂಟೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒನ್ ಅಂಡ್ ಹಾಫ್ ಅನ್ನೋದು ಸರ್ಕಾರದ್ದೇ ನಿಯಮ. 108ರ ಒಂದೂವರೆ ಪಟ್ಟು 162. ಅಂದ್ರೆ ಡ್ರೈವರ್ ಮೇಲೆ ತಗೊಂಡಿದ್ದು 8 ರೂಪಾಯಿ ಮಾತ್ರ. +50 ಅನ್ನೋ ಉಳಿಕೆ ಹೇಳ್ತಾ ಇದ್ದದ್ದು ಡ್ರೈವರ್ ಬಗ್ಗೆ ಅಲ್ಲ, ನಮ್ಮ ಲೆಕ್ಕದ ಬಗ್ಗೆ. ನಾವು ದೂರ ಮಾತ್ರ ಇಟ್ಟಿದ್ವಿ, ಸಮಯವನ್ನ ಬಿಟ್ಟಿದ್ವಿ.

ಬರೀ ಅಂಕಿ ನೋಡಿದ್ರೆ ಸಾಲದು, ಚಿತ್ರ ನೋಡಲೇಬೇಕು ಅಂತ ತೋರಿಸೋಕೆ 1973ರಲ್ಲಿ ಫ್ರಾನ್ಸಿಸ್ ಆನ್ಸ್‌ಕೂಂಬ್ ಅನ್ನೋ ಸಂಖ್ಯಾಶಾಸ್ತ್ರಜ್ಞರು ನಾಲ್ಕು ಪಟ್ಟಿ ಮಾಡಿದ್ರು. ಒಂದೊಂದರಲ್ಲೂ 11 ಚುಕ್ಕೆ. ನಾಲ್ಕರಲ್ಲೂ ಸರಾಸರಿ 9 ಮತ್ತು 7.5. ನಾಲ್ಕರಲ್ಲೂ ಒಂದೇ ಗೆರೆ: ಇಂಟರ್‌ಸೆಪ್ಟ್ 3, ಸ್ಲೋಪ್ 0.5. ಕೋರಿಲೇಶನ್ ಕೂಡ ಸುಮಾರು 0.82, ನಾಲ್ಕರಲ್ಲೂ. ಗ್ರಾಫ್ ಹಾಕಿದ್ರೆ? ಒಂದು ಮಾಮೂಲಿ ಚುಕ್ಕೆಗಳ ಗುಂಪು. ಎರಡನೇದು ನುಣ್ಣಗೆ ಬಾಗಿದ ಬಿಲ್ಲು. ಮೂರನೇದು ಅಚ್ಚುಕಟ್ಟು ಗೆರೆ, ಆದ್ರೆ ಒಂದು ಚುಕ್ಕೆ ಮಾತ್ರ ತಪ್ಪಿಸಿಕೊಂಡಿದೆ. ನಾಲ್ಕನೇದರಲ್ಲಿ ಹತ್ತು ಚುಕ್ಕೆ ಕಂಬದ ಥರ ಒಂದರ ಮೇಲೊಂದು ನಿಂತಿವೆ, ಹನ್ನೊಂದನೇ ಚುಕ್ಕೆ ಒಂದೇ ಇಡೀ ಗೆರೆಯನ್ನ ತನ್ನ ಕಡೆ ಎಳ್ಕೊಂಡಿದೆ. ಸೂತ್ರಕ್ಕೆ ನಾಲ್ಕೂ ಒಂದೇ, ಉಳಿಕೆಗೆ ನಾಲ್ಕೂ ಬೇರೆ ಬೇರೆ.

ಉಳಿಕೆ ಹಿಡ್ಕೊಂಡು ಗ್ರಹ ಹುಡುಕಿದ್ರು

ಉಳಿಕೆಯನ್ನ ಬಿಸಾಡದೆ ಇಟ್ಕೊಂಡಿದ್ದಕ್ಕೆ ಸಿಕ್ಕ ಅತಿ ದೊಡ್ಡ ಬಹುಮಾನ ಒಂದು ಗ್ರಹ. ಇಲ್ಲಿ ಗೆರೆ ನೇರ ಅಲ್ಲ, ಗ್ರಹದ ದಾರಿ, ಆದ್ರೆ ಕೇಳೋ ಪ್ರಶ್ನೆ ಅದೇ: ಲೆಕ್ಕ ಹೇಳಿದ್ದಕ್ಕೂ ಕಂಡದ್ದಕ್ಕೂ ವ್ಯತ್ಯಾಸ ಎಷ್ಟು? 1781ರಲ್ಲಿ ವಿಲಿಯಂ ಹರ್ಷೆಲ್ ಯುರೇನಸ್ ಕಂಡುಹಿಡಿದ್ರು. ನ್ಯೂಟನ್ ನಿಯಮದ ಪ್ರಕಾರ ಅದು ಯಾವ ದಿನ ಎಲ್ಲಿರ್ಬೇಕು ಅಂತ ಪಟ್ಟಿ ಮಾಡಿದ್ರು. ಆದ್ರೆ ವರ್ಷಗಳು ಕಳೆದ ಹಾಗೆ ಯುರೇನಸ್ ಪಟ್ಟಿಯ ಮಾತು ಕೇಳಲಿಲ್ಲ. ಉಳಿಕೆ ಸಣ್ಣದೇ, ಆದ್ರೆ ಅದಕ್ಕೊಂದು ಕ್ರಮ ಇತ್ತು.

ಫ್ರಾನ್ಸಿನ ಲೆ ವೆರಿಯೆ ಆ ಉಳಿಕೆಗಳನ್ನೇ ಇಟ್ಕೊಂಡು, ಆಚೆ ಕಡೆ ಕಾಣದ ಗ್ರಹ ಒಂದು ಎಳೀತಾ ಇರಬೇಕು, ಅದು ಇಂಥ ಜಾಗದಲ್ಲಿರಬೇಕು ಅಂತ ಲೆಕ್ಕ ಹಾಕಿದ್ರು. ಇಂಗ್ಲೆಂಡಿನಲ್ಲಿ ಆಡಮ್ಸ್ ಕೂಡ ಅದೇ ಲೆಕ್ಕದಲ್ಲಿದ್ರು. 1846ರ ಸೆಪ್ಟೆಂಬರ್ 23ರ ರಾತ್ರಿ ಬರ್ಲಿನ್ ವೀಕ್ಷಣಾಲಯದಲ್ಲಿ ಗಾಲ್ ಅನ್ನೋ ಖಗೋಳಜ್ಞರು ದೂರದರ್ಶಕ ತಿರುಗಿಸಿದ್ರು. ಲೆ ವೆರಿಯೆ ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೇ ನೆಪ್ಚೂನ್ ಸಿಕ್ತು.

ಕಥೆ ಇಲ್ಲಿಗೆ ನಿಂತಿದ್ರೆ ತುಂಬಾ ಸಲೀಸಾಗ್ತಿತ್ತು. 1859ರಲ್ಲಿ ಅದೇ ಲೆ ವೆರಿಯೆ ಬುಧ ಗ್ರಹದ ದಾರಿಯಲ್ಲೂ ಉಳಿಕೆ ಕಂಡ್ರು, ಅಲ್ಲೂ ಕಾಣದ ಗ್ರಹ ಇದೆ ಅಂದ್ರು. ಅದಕ್ಕೆ ವಲ್ಕನ್ ಅಂತ ಹೆಸರೂ ಬಂತು. ಎಷ್ಟು ಹುಡುಕಿದ್ರೂ ಸಿಗಲಿಲ್ಲ, ಯಾಕಂದ್ರೆ ಇರಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಹೊಸ ಸಿದ್ಧಾಂತ ತಂದಾಗ ಶತಮಾನಕ್ಕೆ 43 ಆರ್ಕ್‌ಸೆಕೆಂಡ್‌ನ ಆ ಉಳಿಕೆಗೆ ಲೆಕ್ಕ ಸಿಕ್ತು. ಮೊದಲ ಸಲ ಗೆರೆ ಸರಿ ಇತ್ತು, ಒಂದು ವಸ್ತುವನ್ನ ಬಿಟ್ಟಿದ್ವಿ. ಎರಡನೇ ಸಲ ಗೆರೆಯನ್ನೇ ಬದಲಾಯಿಸಬೇಕಾಯ್ತು. ಏನೋ ಬಾಕಿ ಇದೆ ಅಂತ ಮಾತ್ರ ಉಳಿಕೆ ಹೇಳುತ್ತೆ. ಏನು ಬಾಕಿ ಅನ್ನೋದನ್ನ ನಾವೇ ಹೋಗಿ ನೋಡ್ಬೇಕು.

ಆಕಾಶದಿಂದ ನಿಮ್ಮ ಫೋನಿಗೆ ಬರೋಣ. ಷೇರಿನ ಆ್ಯಪ್‌ಗಳಲ್ಲಿ ಕಂಪನಿ ಹೆಸರಿನ ಕೆಳಗೆ ಬೀಟಾ ಅಂತ ಕಾಣುತ್ತಲ್ಲ, ಅದು ರಿಗ್ರೆಶನ್ ಸ್ಲೋಪ್. ಅಡ್ಡಕ್ಕೆ ಮಾರ್ಕೆಟ್ ಏರಿಳಿತ, ಉದ್ದಕ್ಕೆ ಆ ಷೇರಿನ ಏರಿಳಿತ. ಬೀಟಾ 1.2 ಅಂದ್ರೆ ಮಾರ್ಕೆಟ್ 1 ಪರ್ಸೆಂಟ್ ಏರಿದ್ರೆ ಈ ಷೇರು ಸರಾಸರಿ 1.2 ಪರ್ಸೆಂಟ್ ಏರುತ್ತೆ ಅಂತ. ಎರಡು ಕಂಪನಿಗಳ ಬೀಟಾ ಒಂದೇ ಇರಬಹುದು. ಆದ್ರೆ ಒಂದರ ಚುಕ್ಕೆಗಳು ಗೆರೆಗೆ ಅಂಟಿಕೊಂಡಿರ್ತವೆ, ಇನ್ನೊಂದರವು ಊರೆಲ್ಲ ಚೆಲ್ಲಿರ್ತವೆ. ಆ ಚೆಲ್ಲಾಟ ಕಂಪನಿಯ ಸ್ವಂತ ಸುದ್ದಿ: ರಿಸಲ್ಟ್, ಆರ್ಡರ್, ಮ್ಯಾನೇಜ್‌ಮೆಂಟ್ ಗಲಾಟೆ. ಬೀಟಾ ಒಂದನ್ನೇ ನೋಡಿದ್ರೆ ಇದು ಕಾಣಲ್ಲ.

ಚುಕ್ಕೆಯ ಜಾಗದಲ್ಲಿ ಮನುಷ್ಯ ಇದ್ದಾಗ

ಇಲ್ಲಿವರೆಗೆ ಚುಕ್ಕೆ ಅಂದ್ರೆ ಒಂದು ಸವಾರಿ, ಒಂದು ಷೇರು. ಚುಕ್ಕೆ ಒಬ್ಬ ವಿದ್ಯಾರ್ಥಿ ಆದ್ರೆ?

ರಿಗ್ರೆಶನ್ ಅನ್ನೋ ಪದ ಹುಟ್ಟಿದ್ದೇ ಮನುಷ್ಯರನ್ನ ಅಳೆಯುವಾಗ. 1886ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 205 ದಂಪತಿ ಮತ್ತು ಅವರ 928 ಬೆಳೆದ ಮಕ್ಕಳ ಎತ್ತರ ಹೋಲಿಸಿದ್ರು. ತುಂಬಾ ಎತ್ತರದ ಅಪ್ಪ ಅಮ್ಮನ ಮಕ್ಕಳು ಎತ್ತರವೇ, ಆದ್ರೆ ಸರಾಸರಿಯಲ್ಲಿ ಅಷ್ಟು ಎತ್ತರ ಅಲ್ಲ. ಕುಳ್ಳಗಿರೋರ ಮಕ್ಕಳು ಸರಾಸರಿಯಲ್ಲಿ ಅಷ್ಟು ಕುಳ್ಳಗಲ್ಲ. ಎರಡೂ ಕಡೆಯವರು ಮಧ್ಯಕ್ಕೆ ಹಿಂದಿರುಗ್ತಾರೆ. ರಿಗ್ರೆಶನ್ ಅಂದ್ರೆ ಹಿಂದಿರುಗೋದು. ಮೊದಲ ಟೆಸ್ಟಲ್ಲಿ ಫಸ್ಟ್ ಬಂದ ಹುಡುಗಿ ಎರಡನೇ ಟೆಸ್ಟಲ್ಲಿ ನಾಲ್ಕು ಮಾರ್ಕ್ಸ್ ಇಳಿದ್ರೆ ಮನೆಯಲ್ಲಿ "ತಲೆಗೇರಿದೆ" ಅಂತಾರಲ್ಲ, ಎಷ್ಟೋ ಸಲ ಅದು ಬರೀ ಈ ಹಿಂದಿರುಗುವಿಕೆ.

ಆದ್ರೆ ಗಾಲ್ಟನ್ ಗೆರೆ ಗುಂಪಿನ ಬಗ್ಗೆ ಹೇಳ್ತಿತ್ತು. ಅದನ್ನ ಒಬ್ಬರ ಮೇಲೆ ತೀರ್ಪಿನ ಥರ ಹೊರಿಸಿದ್ರೆ ಏನಾಗುತ್ತೆ ಅಂತ 2020ರಲ್ಲಿ ಇಂಗ್ಲೆಂಡ್ ನೋಡ್ತು. ಕೋವಿಡ್‌ನಿಂದ ಎ ಲೆವೆಲ್ ಪರೀಕ್ಷೆ ರದ್ದಾಯ್ತು. ಟೀಚರ್‌ಗಳು ಮಕ್ಕಳಿಗೆ ಅಂದಾಜು ಗ್ರೇಡ್ ಮತ್ತು ರ್‍ಯಾಂಕ್ ಕೊಟ್ರು. ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್, ಆ ಶಾಲೆಯ ಹಿಂದಿನ ವರ್ಷಗಳ ಫಲಿತಾಂಶ ಸೇರಿಸಿದ ಒಂದು ಸೂತ್ರದಿಂದ ಗ್ರೇಡ್ ಹೊರಡಿಸ್ತು. ಆಗಸ್ಟ್ 13ಕ್ಕೆ ಫಲಿತಾಂಶ ಬಂದಾಗ ಟೀಚರ್ ಕೊಟ್ಟ ಗ್ರೇಡ್‌ಗಳಲ್ಲಿ ಸುಮಾರು 40 ಪರ್ಸೆಂಟ್ ಕೆಳಗಿಳಿದಿದ್ವು. ಇದು ನಾವು ಎಳೆದಂಥ ನೇರ ಗೆರೆ ಅಲ್ಲ, ಸೂತ್ರ ಬೇರೆ. ಆದ್ರೆ ತರ್ಕ ಅದೇ. ಹಿಂದೆ ಆ ಶಾಲೆಯಿಂದ ಯಾರೂ ಟಾಪ್ ಗ್ರೇಡ್ ತಗೊಂಡಿಲ್ಲ ಅಂದ್ರೆ ಈ ವರ್ಷದ ಜಾಣೆಗೂ ಅದು ಸಿಗೋದು ಕಷ್ಟ. ಅವಳು ಗೆರೆಗಿಂತ ಮೇಲಿನ ಚುಕ್ಕೆ, ಆದ್ರೆ ಸೂತ್ರದಲ್ಲಿ ಮೇಲೆ ನಿಲ್ಲೋಕೆ ಜಾಗವೇ ಇರಲಿಲ್ಲ. ಮಕ್ಕಳು ಬೀದಿಗಿಳಿದ್ರು. ನಾಲ್ಕೇ ದಿನಕ್ಕೆ, ಆಗಸ್ಟ್ 17ರಂದು, ಸೂತ್ರ ಬಿಟ್ಟು ಟೀಚರ್ ಗ್ರೇಡ್‌ಗಳನ್ನ ಒಪ್ಪಿಕೊಂಡ್ರು.

ಮುಂದಿನ ವರ್ಷ ನಮ್ಮ ಸರದಿ. 2021ರಲ್ಲಿ ಕರ್ನಾಟಕದಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯ್ತು. ಎಸ್ಸೆಸ್ಸೆಲ್ಸಿಯಿಂದ 45 ಪರ್ಸೆಂಟ್, ಪ್ರಥಮ ಪಿಯುಸಿಯಿಂದ 45, ಆಂತರಿಕ ಮೌಲ್ಯಮಾಪನದಿಂದ 10, ಹೀಗೆ ಸೇರಿಸಿ ಫಲಿತಾಂಶ ಕೊಟ್ರು. ನಿಮ್ಮಲ್ಲಿ ಎಷ್ಟೋ ಜನ ಆ ಬ್ಯಾಚ್‌ನೋರೇ ಇರ್ತೀರಿ. ಆ ಪರಿಸ್ಥಿತಿಯಲ್ಲಿ ಏನೋ ಒಂದು ಸೂತ್ರ ಬೇಕೇ ಇತ್ತು. ಇಂಗ್ಲೆಂಡ್ ಥರ ಶಾಲೆಯ ಚರಿತ್ರೆಯನ್ನಲ್ಲ, ಮಕ್ಕಳ ಸ್ವಂತ ಮಾರ್ಕ್ಸನ್ನೇ ತಗೊಂಡ್ರು ಅನ್ನೋದೂ ನಿಜ. ಆದ್ರೂ ಉಳಿಕೆ ಕಣ್ಣಿಂದ ನೋಡಿದ್ರೆ ಒಂದು ವಿಷಯ ಕಾಣುತ್ತೆ: ಹಳೇ ಮಾರ್ಕ್ಸ್‌ನಿಂದ ಮಾಡಿದ ಅಂದಾಜನ್ನೇ ಫಲಿತಾಂಶ ಅಂತ ಕರೆದ್ರೆ, ಎಲ್ಲರ ಉಳಿಕೆಯೂ ಸೊನ್ನೆ ಅಂತ ಒಪ್ಪಿಕೊಂಡ ಹಾಗೆ. ಪ್ರಥಮ ಪಿಯುಸಿಯಲ್ಲಿ ಆಟ ಆಡ್ಕೊಂಡಿದ್ದು, ದ್ವಿತೀಯ ಪಿಯುಸಿಯಲ್ಲಿ ಎದ್ದು ಕೂತು ಓದಿದ ಹುಡುಗನ ಆ ಒಂದು ವರ್ಷ ಬಹುಪಾಲು ಉಳಿಕೆಯಲ್ಲೇ ಇತ್ತು.

ಆದ್ರೆ ಒಂದು ಬಾಗಿಲು ತೆರೆದಿಟ್ಟಿದ್ರು. ಫಲಿತಾಂಶ ಸಮಾಧಾನ ಕೊಡದಿದ್ದೋರು ಪರೀಕ್ಷೆ ಬರೀಬಹುದಿತ್ತು. ನನಗೆ ಇಡೀ ವ್ಯವಸ್ಥೆಯಲ್ಲಿ ಮುಖ್ಯ ಅನ್ಸೋದು ಆ ಬಾಗಿಲೇ. ಲೋನ್ ಕೊಡೋಕೆ ಸ್ಕೋರ್ ಇರಲಿ, ಕೆಲಸಕ್ಕೆ ರೆಸ್ಯೂಮೆ ಸೋಸೋ ಸಾಫ್ಟ್‌ವೇರ್ ಇರಲಿ, ಅಂದಾಜು ಬೇಡ ಅಂತ ನಾನು ಹೇಳಲ್ಲ. ಲಕ್ಷಾಂತರ ಜನರನ್ನ ನೋಡ್ಬೇಕಾದಾಗ ಗೆರೆ ಬೇಕಾಗುತ್ತೆ. ಆದ್ರೆ ಗೆರೆ ನನ್ನ ಬಗ್ಗೆ ತಪ್ಪಾಗಿದೆ ಅಂತ ತೋರಿಸೋಕೆ ಒಬ್ಬರಿಗೆ ದಾರಿ ಇದೆಯಾ ಅನ್ನೋ ಪ್ರಶ್ನೆಯನ್ನ ಅದರ ಜೊತೆಗೇ ಕೇಳ್ಬೇಕು.

ನೀವೇ ಮಾಡಿ ನೋಡಿ

ಇದನ್ನ ಫೋನಲ್ಲೇ ಮಾಡಬಹುದು. ಗೂಗಲ್ ಶೀಟ್ಸ್ ತೆಗೆದು ಮೊದಲ ಕಾಲಂನಲ್ಲಿ ಕಿಲೋಮೀಟರ್, ಎರಡನೇದರಲ್ಲಿ ಕೊಟ್ಟ ದುಡ್ಡು ಬರೀರಿ. ಸ್ಲೋಪ್, ಇಂಟರ್‌ಸೆಪ್ಟ್ ಅನ್ನೋ ಎರಡು ಫಂಕ್ಷನ್ ಇವೆ. ಎರಡಕ್ಕೂ ಮೊದಲು ದುಡ್ಡಿನ ಕಾಲಂ ಕೊಡಿ, ಆಮೇಲೆ ಕಿಲೋಮೀಟರ್. ಮೂರನೇ ಕಾಲಂನಲ್ಲಿ ಗೆರೆ ಹೇಳೋ ದುಡ್ಡು, ನಾಲ್ಕನೇದರಲ್ಲಿ ಉಳಿಕೆ. ನಾನು ಹೇಳಿದ ಐದು ಸವಾರಿ ಹಾಕಿದ್ರೆ 16 ಮತ್ತು 24 ಬರಬೇಕು. ಬಂತು ಅಂದ್ರೆ ನಿಮ್ಮದೇ ಅಂಕಿಗಳನ್ನ ಹಾಕಿ: ಕರೆಂಟ್ ಬಿಲ್ಲು ಮತ್ತು ಯೂನಿಟ್, ಓದಿದ ಗಂಟೆ ಮತ್ತು ಮಾಕ್ ಟೆಸ್ಟ್ ಮಾರ್ಕ್ಸ್, ಬೈಕಿಗೆ ಹಾಕಿದ ಪೆಟ್ರೋಲ್ ಮತ್ತು ಓಡಿದ ಕಿಲೋಮೀಟರ್.

ಒಂದು ಎಚ್ಚರಿಕೆ. 2ರಿಂದ 10 ಕಿಲೋಮೀಟರ್‌ವರೆಗಿನ ಸವಾರಿ ನೋಡಿ ಎಳೆದ ಗೆರೆಯನ್ನ 40 ಕಿಲೋಮೀಟರ್ ದೂರದ ಏರ್‌ಪೋರ್ಟಿಗೆ ಎಳೀಬೇಡಿ. ಅಷ್ಟು ದೂರದ ಒಂದು ಚುಕ್ಕೆಯೂ ನಿಮ್ಮ ಹತ್ರ ಇಲ್ಲ. ಸೊನ್ನೆ ಕಿಲೋಮೀಟರ್‌ಗೆ 24 ರೂಪಾಯಿ ಅಂತ ಗೆರೆ ಹೇಳೋದನ್ನೂ ಹಾಗೇ ತಗೊಳ್ಳಿ. ಹತ್ತದೇ ಇರೋ ಆಟೋಗೆ ಯಾರೂ ದುಡ್ಡು ಕೊಡಲ್ಲ.

ನಾಲ್ಕನೇ ಕಾಲಂನಲ್ಲಿ ಅತಿ ದೊಡ್ಡ ಅಂಕಿ ಯಾವುದು ಅಂತ ನೋಡಿ, ಪ್ಲಸ್ಸೋ ಮೈನಸ್ಸೋ. ಆವತ್ತು ಏನಾಗಿತ್ತು ಅಂತ ನೆನಪು ಮಾಡ್ಕೊಳ್ಳಿ. ಸಿಕ್ಕ ಕಾರಣವನ್ನ ನನಗೆ ವಾಯ್ಸ್ ನೋಟ್ ಮಾಡಿ ಕಳಿಸಿ, ಚೆನ್ನಾಗಿರೋದನ್ನ ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಅಲ್ಲಿವರೆಗೆ ನಮಸ್ಕಾರ.